ಹಿಡಿಕೆ ಇಲ್ಲದ ಆಕಾಶ

ಆಕಾಶದ ಯಂತ್ರ ಮಾಡುವುದರಲ್ಲಿ ಮಾವನವರನ್ನು ಮೀರಿಸುವವರು ಹುಟ್ಟಿರಲಿಲ್ಲ, ಹುಟ್ಟುವ ಧೈರ್ಯವೂ ಯಾರಿಗೂ ಇರಲಿಲ್ಲ. ಗಾಜಿನ ಗೋಳದೊಳಗೆ ಗೋಳ, ನಟ್ಟನಡುವೆ ಅಲುಗಾಡದೆ ಕೂತ ಭೂಮಿ, ಹೊರಗಿನ ಗೋಳಕ್ಕೆ ಒಂದು ಹಿಡಿಕೆ. ಅದನ್ನು ತಿರುಗಿಸಿದರೆ ಹೊರಗಿನದು ಒಳಗಿನದನ್ನು ಎಳೆದು, ಅದು ಮತ್ತೊಂದನ್ನು ಎಳೆದು, ಚಂದ್ರನವರೆಗೂ ಎಲ್ಲ ಸುತ್ತುತ್ತಿದ್ದವು. ನಿಜವಾದ ನಕ್ಷತ್ರಗಳೇ ಕಿಟಕಿಯಲ್ಲಿ ಇಣುಕಿ ತಮ್ಮ ನಡಿಗೆ ತಿದ್ದಿಕೊಂಡು ಹೋಗುತ್ತಿದ್ದವು. ನಂಬದವರು ಆ ಕಿಟಕಿಯನ್ನೇ ಕೇಳಬಹುದು.

ಈಗ ಕಾಲೇಜಿನ ಮೇಷ್ಟ್ರಿಗೆ ಹೊಸ ಆಕಾಶ ಬೇಕಾಗಿತ್ತು: ನಡುವೆ ಸೂರ್ಯ, ಓಡುವ ಭೂಮಿ, ಗಾಜಿನ ಗೋಳ ಒಂದೂ ಬೇಡ. ಅಳಿಯ ಮಾಡಿ ಮುಗಿಸಿದ್ದ. ಮೇಷ್ಟ್ರು ಕೈಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ಆದರೆ ಆ ಕಾರ್ಖಾನೆಗೊಂದು ಕಟ್ಟಳೆ. ಮೊದಲ ಸುತ್ತು ಮಾವನವರೇ ತಿರುಗಿಸಬೇಕು, ಅವರ ಕೈ ಮುಟ್ಟದ ಯಂತ್ರ ಹೊಸ್ತಿಲು ದಾಟುವಂತಿಲ್ಲ. ಅವರೋ ಕೈಕಟ್ಟಿ ಕೂತಿದ್ದರು. ಆ ಕೈ ಬಿಚ್ಚದಿದ್ದರೆ ಅಳಿಯ ಕೆಲಸಗಾರನೇ ಅಲ್ಲ, ಬರೀ ಮಗಳ ಗಂಡ.

"ಹಿಡಿಕೆ ಎಲ್ಲಯ್ಯಾ?"

ಅಳಿಯನ ಕಿವಿ ಎಷ್ಟು ಕೆಂಪಾಯಿತೆಂದರೆ ಅದರಲ್ಲಿ ಕಬ್ಬಿಣ ಕಾಸಬಹುದಿತ್ತು. ಸೂರ್ಯನಿಗೆ ಹಿಡಿಕೆ ಹಾಕಿ ಕಿತ್ತಿದ್ದ, ಭೂಮಿಗೆ ಹಾಕಿ ಕಿತ್ತಿದ್ದ. ಕೊನೆಗೆ ಮೇಜಿನಡಿ ಇಟ್ಟು ಬಟ್ಟೆ ಇಳಿಬಿಟ್ಟಿದ್ದ.

"ಕೆಳಗಿದೆ, ಮಾವ."

"ಕದ್ದ ಮಾಲಿನ ಹಾಗೆ? ಗೋಳಗಳನ್ನಂತೂ ಕಿತ್ತು ಹಾಕಿದ್ರಿ. ಇವನ್ನೆಲ್ಲ ತಳ್ಳೋರು ಯಾರು?"

ಅಳಿಯ ಮೇಷ್ಟ್ರ ಮುಖ ನೋಡಿದ. "ಅದು ಇನ್ನೂ ಗೊತ್ತಾಗಿಲ್ಲ," ಎಂದರು ಮೇಷ್ಟ್ರು.

ಮಾವನವರು ಸುತ್ತಿಗೆ ಎತ್ತಿ ಕೈಬಿಟ್ಟರು. ಅದು ಕಾಲಬುಡಕ್ಕೇ ಬಿತ್ತು. ಆ ಸದ್ದಿಗೆ ಬೀದಿಯ ಹಾಲೆಲ್ಲ ಮೊಸರಾಯಿತು.

"ಭೂಮಿ ಓಡ್ತಿದ್ರೆ ಇದು ಹಿಂದಿನ ಗೋಡೆಗೆ ಬಡೀಬೇಕಿತ್ತು. ಭಾರ ಇದ್ದದ್ದು ಜಗತ್ತಿನ ನಡುವಿಗೆ ಬೀಳುತ್ತೆ ಅಂತ ನೀವು ಮೇಷ್ಟ್ರುಗಳೇ ಹೇಳ್ತಿದ್ರಿ. ಈಗ ನಡುವಲ್ಲಿ ಸೂರ್ಯ. ಸುತ್ತಿಗೆ ಯಾಕೆ ಸೂರ್ಯನ ಕಡೆ ಹಾರಲಿಲ್ಲ?"

"ಅದು ನಮ್ಮ ಜೊತೆಗೇ ಓಡ್ತಿದೆ, ಯಜಮಾನರೇ."

"ಸುತ್ತಿಗೆಗೆ ಯಾರು ಹೇಳಿದ್ರು?"

ಮೇಷ್ಟ್ರು ಬಗ್ಗಿ ಸುತ್ತಿಗೆಯನ್ನು ಎತ್ತಿ ಮೇಜಿನ ಮೇಲಿಟ್ಟರು.

"ಅಪ್ಪಾ, ಅವರನ್ನ ಅರೆದದ್ದು ಸಾಕು," ಒಳಗಿನಿಂದ ಮಗಳು ಕೂಗಿದಳು. "ಒಂದು ಸುತ್ತು ತಿರುಗಿಸಿ ಊಟಕ್ಕೆ ಏಳಿ."

"ನಿನ್ನ ಗಂಡನಿಗೆ ಬಾಯಿಲ್ವೇನಮ್ಮಾ?"

ಸೂರ್ಯನೇ ತಳ್ಳುತ್ತಾನೆ ಅಂದುಬಿಟ್ಟರೆ ಮುಗಿಯಿತು. ಸುಳ್ಳು ಅಳಿಯನ ನಾಲಿಗೆಯ ತುದಿಗೆ ಬಂತು. ಅಲ್ಲೇ ಒಣಗಿತು. ಅವನು ಬಗ್ಗಿ ಬಟ್ಟೆ ಕಿತ್ತೆಸೆದ.

"ಗೊತ್ತಿಲ್ಲ, ಮಾವ. ಹಿಡಿಕೆ ಎಲ್ಲಿಟ್ರೂ ಸುಳ್ಳು ಹೇಳಿದ ಹಾಗಾಗ್ತಿತ್ತು. ಯಂತ್ರ ತಿರುಗಬೇಕಲ್ಲ ಅಂತ ಇಲ್ಲಿಟ್ಟೆ. ನಾಚಿಕೆಯಾಗಿ ಮುಚ್ಚಿದೆ."

ಮಾವನವರು ಆ ಹಿಡಿಕೆಯನ್ನು ಬೆಟ್ಟವೊಂದು ಸವೆದುಹೋಗುವಷ್ಟು ಹೊತ್ತು ನೋಡಿದರು. ಆಮೇಲೆ ಮಂಡಿಯೂರಿ ತಿರುಗಿಸಿದರು. ಭೂಮಿ ಹೊರಟಿತು. ಹಲ್ಲುಚಕ್ರಗಳು ಉಸಿರೂ ಬಿಡಲಿಲ್ಲ.

"ಕೆಲಸ ಚೆನ್ನಾಗಿದೆ. ತಗೊಂಡು ಹೋಗಲಿ."

ಅಳಿಯ ಹಿಗ್ಗಬೇಕಿತ್ತು. ಮದುವೆಯಾದಾಗಿನಿಂದ ಕಾದಿದ್ದ ಮಾತದು. ಆದರೆ ಏಳಲು ಹೋದ ಮಾವನವರು ಅವನ ಹೆಗಲು ಹಿಡಿದರು. ಯಾರ ಆಸರೆಯನ್ನೂ ಬೇಡದ ಆ ಕೈ ಎದ್ದ ಮೇಲೂ ಹೆಗಲು ಬಿಡಲಿಲ್ಲ.

"ತಳ್ಳೋರು ಯಾರೂಂತ ಗೊತ್ತಿಲ್ದೆ ನಿಂಗೆ ನಿದ್ದೆ ಬರುತ್ತೇನೋ?" ಎಂದು ಅವರು ಪಿಸುಗುಟ್ಟಿದರು.

"ಇಲ್ಲ, ಮಾವ."

"ನಂಗೂ ಇನ್ನು ಬರಲ್ಲ ಬಿಡು."

ಮೇಷ್ಟ್ರ ಗಾಡಿ ಕಿರುಗುಟ್ಟುತ್ತ ಬೀದಿಯ ತಿರುವು ದಾಟಿತು. ಇಬ್ಬರೂ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು ನಿಂತೇ ಇದ್ದರು, ಕಾಲಡಿಯ ನೆಲ ಈಗಲೋ ಆಗಲೋ ಜಗ್ಗೀತು ಎಂಬಂತೆ.