ಅತ್ತೆ ಒರೆಸಿದ ಎಣ್ಣೆ

ಇಳಿಜಾರಿನ ತಿರುವೊಂದರಲ್ಲಿ ಬ್ರೇಕ್ ಒತ್ತಿದಾಗ ಕಾರು ಬಲಕ್ಕೆ, ಕಣಿವೆಯ ಕಡೆಗೆ, ಸಣ್ಣಗೆ ಎಳೆಯಿತು. ಯಾರೋ ತೋಳು ಹಿಡಿದು ಜಗ್ಗಿದ ಹಾಗೆ. ನನ್ನ ಗಂಡ ಏನೂ ಅನ್ನಲಿಲ್ಲ, ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿ ಸುಮ್ಮನಾದರು. ಬಾಯಿ ಮುಚ್ಚದ ಈ ಮನುಷ್ಯ ಸುಮ್ಮನಾದರೆ ಏನೋ ಕೆಟ್ಟಿದೆ ಎಂದೇ ಲೆಕ್ಕ.

ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಪಕ್ಕದಲ್ಲಿ ತುಂಬುಬಸುರಿ ನಾದಿನಿ. ಅವಳಿರುವ ಬೆಟ್ಟದ ಮೇಲೆ ಆಸ್ಪತ್ರೆಯಿಲ್ಲ, ಹೆರಿಗೆಯಾಗುವವರೆಗೆ ನಮ್ಮ ಮನೆಯಲ್ಲಿರಲಿ ಎಂದು ಕೆಳಗೆ ಕರೆತರುತ್ತಿದ್ದೆವು.

"ಮೆಲ್ಲಗೆ ಓಡ್ಸೋ ಅಣ್ಣಾ. ಒಳಗಿರೋರು ಇಲ್ಲೇ ಇಳಿದುಬಿಡ್ತೀನಿ ಅಂತಿದಾರೆ" ಎಂದು ನಾದಿನಿ ನಕ್ಕಳು.

ಇವರು ನಗಲಿಲ್ಲ. "ಏನೋ ವಾಸನೆ ಬರ್ತಿಲ್ವಾ?"

ಬರುತ್ತಿತ್ತು. ಬೆಂಕಿಕಡ್ಡಿ ಗೀರಿ ಹಳೇ ಎಣ್ಣೆಯಲ್ಲಿ ಅದ್ದಿದಂಥ ವಾಸನೆ.

"ನನ್ನ ಮಂಡಿನೋವಿನ ಎಣ್ಣೆ ಕಣೋ" ಎಂದರು ಅತ್ತೆ, ತಟ್ಟನೆ. "ಬೆಳಿಗ್ಗೆ ಕೈ ಜಾರಿ ಜಾಸ್ತಿ ಸುರೀತು."

ಬೆಟ್ಟ ಹತ್ತುವಾಗಲೂ ಇದನ್ನೇ ಹೇಳಿದ್ದರು, ಆಗ ನಂಬಿದ್ದೆ. ಈಗ ಕನ್ನಡಿಯಲ್ಲಿ ನೋಡಿದರೆ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

ಕಾರು ತೀರಿಹೋದ ಮಾವನವರದು. ನನಗಿಂತ ವಯಸ್ಸಿನಲ್ಲಿ ದೊಡ್ಡದು, ಮನೆಯಲ್ಲಿ ಅದರ ಹೆಸರು ಮುದುಕಪ್ಪ. ಇವರು ದರ್ಜಿ. ವಾರವೆಲ್ಲ ಹೊಲಿಗೆ ಮಿಷನ್ನು, ರಜೆಯ ದಿನ ಮುದುಕಪ್ಪನ ಹೊಟ್ಟೆಯ ಕೆಳಗೆ. ಎಡ ಹಿಂಚಕ್ರದ ಹತ್ತಿರ, ಅಚ್ಚಿನ ಎಣ್ಣೆ ಹೊರಗೆ ಬಾರದಂತೆ ತಡೆಯುವ ರಬ್ಬರಿನ ಬಳೆಯೊಂದಿದೆ. ಸೀಲ್ ಅಂತಾರೆ. ಅದು ಸೋರುತ್ತಿತ್ತು. ಹೊಸದು ಹಾಕಿದರು, ಸೋರಿತು. ಮತ್ತೆ ಹೊಸದು ಹಾಕಿ, "ಇದೂ ಸೋರಿದ್ರೆ ಮುದುಕಪ್ಪ ಗುಜರಿಗೆ!" ಎಂದು ಸ್ಪ್ಯಾನರ್ ಎಸೆದರು. ಆ ಮಾತು ಮುದುಕಪ್ಪನಿಗೆ ನಾಟಿತು ಅಂದುಕೊಂಡೆವು. ಯಾವ ಬೆಳಿಗ್ಗೆ ನೋಡಿದರೂ ಕಾರಿನ ಕೆಳಗೆ ನೆಲ ಒಂದು ಹನಿ ಎಣ್ಣೆಯೂ ಇಲ್ಲದೆ ಲಕಲಕ.

ಮುಂದಿನ ತಿರುವು ಬಂತು. ಇವರ ಕಾಲು ಪೆಡಲನ್ನು ತುಳಿದದ್ದು ಕಂಡಿತು, ಕಾರು ನಿಲ್ಲಲಿಲ್ಲ. ಮತ್ತೆ ಬಲಕ್ಕೆ ಎಳೆಯಿತು. ರಸ್ತೆಯಂಚಿನ ಬಿಳಿ ಕಲ್ಲುಗಳು ನನ್ನ ಎದೆಗೇ ಬರುವಂತೆ ಬಂದವು.

"ಮೆಲ್ಲಗೆ ಅಂದ್ನಲ್ಲೋ!" ನಾದಿನಿಯ ದನಿಯಲ್ಲಿ ನಗು ಉಳಿದಿರಲಿಲ್ಲ.

"ತುಳೀತಾನೇ ಇದೀನಿ ಕಣೇ!"

"ನಿಲ್ಸು ಮಗಾ" ಎಂದರು ಅತ್ತೆ. "ಅದಿನ್ನೂ ಸೋರ್ತಿದೆ. ನೀನು ಏಳೋಕೆ ಮುಂಚೆ ದಿನಾ ನಾನೇ ಒರೆಸ್ತಿದ್ದೆ."

"ಒರೆಸ್ತಿದ್ಯಾ?"

"ಅವರ ಕಾರು ಕಣೋ. ಗುಜರಿಗೆ ಅಂದ್ಯಲ್ಲ."

ಇವರು ಗೇರು ಇಳಿಸಿದರು, ಮತ್ತೊಮ್ಮೆ ಇಳಿಸಿದರು. ಮುದುಕಪ್ಪ ಗಂಟಲು ಹರಿಯುವಂತೆ ಕಿರುಚಿತು. ಹ್ಯಾಂಡ್‌ಬ್ರೇಕ್ ಎಳೆದರೆ ಸಡಿಲ ಹಗ್ಗದಂತೆ ಬಂತು. ಕೆಳಗಿನಿಂದ ಲಾರಿಯ ಹಾರ್ನ್. ನಾನು ಹಿಂದಕ್ಕೆ ತಿರುಗಿ ನಾದಿನಿಯ ಹೊಟ್ಟೆಗೆ ಎರಡೂ ಕೈ ಒತ್ತಿ ಹಿಡಿದೆ. ಅದರಿಂದ ಏನು ತಪ್ಪುತ್ತಿತ್ತೋ ದೇವರೇ ಬಲ್ಲ. ಎಡಗಡೆ ಗುಡ್ಡದ ಬುಡದಲ್ಲಿ ಜಲ್ಲಿಯ ರಾಶಿ ಕಂಡಿತು. ಇವರು ಅದಕ್ಕೇ ನುಗ್ಗಿಸಿದರು. ಕರಕರ ಸದ್ದು, ಧೂಳು, ಆಮೇಲೆ ನಿಶ್ಶಬ್ದ. ಲಾರಿ ನಮ್ಮನ್ನು ಸವರಿಕೊಂಡು ಮೇಲೆ ಹೋಯಿತು.

"ಒದೀತಿದೆ" ಎಂದಳು ನಾದಿನಿ, ಹೊಟ್ಟೆ ಮುಟ್ಟಿಕೊಂಡು. "ಅತ್ತಿಗೆ, ಒದೀತಿದೆ." ಆಮೇಲೆ ಅತ್ತಳು.

ಎಡ ಹಿಂಚಕ್ರದಿಂದ ಹೊಗೆ ಏಳುತ್ತಿತ್ತು. ಬಿಸಿ ಆರಿದ ಮೇಲೆ ಇವರು ಜಾಕ್ ಕೊಟ್ಟು ಚಕ್ರ ಬಿಚ್ಚಿದರು. ಬ್ರೇಕಿನ ಪಟ್ಟಿಗಳು ಎಣ್ಣೆಯಲ್ಲಿ ಕರಿದು ತೆಗೆದಂತಿದ್ದವು.

"ಹೊಸ ಸೀಲು, ಸರಿಯಾಗೇ ಕೂರ್ಸಿದೀನಿ. ಹೊಲಿಗೆ ಸರಿ ಇದ್ದೂ ಬಟ್ಟೆ ಯಾಕೆ ಹರಿಯುತ್ತೆ?" ಎಂದು ಗೊಣಗುತ್ತ ಕೆಳಗೆ ನುಸುಳಿ, ಅಚ್ಚಿಗೆ ಎಣ್ಣೆ ತುಂಬುವ ಬಿರಡೆ ಸಡಿಲಿಸಿದರು. ಬುಸ್ ಎಂದು ಹಾವಿನಂತೆ ಗಾಳಿ ಹೊರಬಿತ್ತು. ನಾನು ಬೆಚ್ಚಿ ಹಿಂದೆ ಸರಿದೆ.

ಬಗ್ಗಿ ನೋಡಿದರೆ ಇವರು ಅಚ್ಚಿನ ಮೇಲ್ಭಾಗವನ್ನು ಬೆರಳಿನಿಂದ ತಡವುತ್ತಿದ್ದರು.

"ರೀ?"

"ಈ ಅಚ್ಚಿಗೆ ಉಸಿರಾಡೋಕೆ ಮೇಲೊಂದು ಸಣ್ಣ ತೂತು ಇರುತ್ತೆ" ಎಂದರು. "ಬಿಸಿಯಾದಾಗ ಗಾಳಿ ಅಲ್ಲಿಂದ ಹೋಗ್ಬೇಕು. ಇಲ್ಲಾಂದ್ರೆ ಸೀಲನ್ನೇ ತಳ್ಳಿಕೊಂಡು ಎಣ್ಣೆ ಬರುತ್ತೆ. ಅಪ್ಪನ ಕಾರು ಚೆಂದ ಕಾಣ್ಲಿ ಅಂತ ಅಡಿಗೆಲ್ಲ ಕಪ್ಪು ಬಣ್ಣ ಬಳಿದ್ನಲ್ಲ... ತೂತಿನ ಮೇಲೂ ಬಳಿದಿದೀನಿ."

ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಆ ಬಣ್ಣ ಚುಚ್ಚಿದರು.

"ನೀನು ಮುಚ್ಚಿದೆ, ನಾನು ಒರೆಸಿದೆ" ಎಂದರು ಅತ್ತೆ ಜಲ್ಲಿಯ ಮೇಲೆ ಕುಸಿದು. "ತಾಯಿ ಮಗ ಇಬ್ಬರೂ ಸೇರಿ ಈ ಮಗೂನ..."

ಆ ಬ್ರೇಕಿನಲ್ಲಿ ಕಾರು ಒಂದಡಿಯೂ ಇಳಿಯಕೂಡದು ಎಂದು ಇವರು ಅಲ್ಲೇ ಉಳಿದರು, ಎಳೆದೊಯ್ಯುವ ಗಾಡಿಗಾಗಿ ಕಾಯುತ್ತ. ಅತ್ತೆಯೂ ಏಳಲಿಲ್ಲ. ಕೆಳಗಿಳಿಯುವ ಬಸ್ಸು ಬಂದಾಗ ನಾನೂ ನಾದಿನಿಯೂ ಹತ್ತಿದೆವು.

ಬಸ್ಸು ತುಂಬಿತ್ತು. ಹಿಂದೆ ಯಾರೋ ಗೊರಕೆ ಹೊಡೆಯುತ್ತಿದ್ದರು. ತಿರುವು ಬಂದು ಚಾಲಕ ಬ್ರೇಕ್ ತುಳಿದಾಗಲೆಲ್ಲ ನಾದಿನಿಯ ಉಗುರು ನನ್ನ ತೋಳಿಗಿಳಿಯುತ್ತಿತ್ತು. ಒಂದು ಕಡೆ ನನ್ನ ಕಿವಿಗೆ ಬಾಗಿ ಪಿಸುಗುಟ್ಟಿದಳು:

"ಅತ್ತಿಗೆ, ಈ ಬಸ್ಸಿನ ಕೆಳಗೆ ಯಾರು ಒರೆಸ್ತಾರೆ?"