ಕೂಸು ಇದ್ದೋರಿಗೆ ಮೊದಲು

ನನ್ನ ಕಾರು ನೋಡಿ ಯಾರಾದರೂ ‘ಒಳ್ಳೆ ಗಾಡಿ ತೋಟಪ್ಪ, ಸದ್ದೇ ಇಲ್ಲ’ ಅಂದರೆ ನನಗೆ ಮೈ ಉರಿಯುತ್ತದೆ. ಸದ್ದಿಲ್ಲ ಎನ್ನುವುದೇನೋ ನಿಜ. ಹಿಂದಿನ ಸೀಟಿನಲ್ಲಿ ಅಕ್ಕ ಉಸಿರಿಗೆ ಒದ್ದಾಡುತ್ತಿದ್ದದ್ದು ಅದರೊಳಗೆ ಚೆನ್ನಾಗಿ ಕೇಳುತ್ತಿತ್ತು.

ಸುಲೋಚನಕ್ಕ ನನಗೆ ಒಡಹುಟ್ಟಿದವಳು. ಹಾನುಬಾಳಿಗೆ ಕೊಟ್ಟಿದ್ದೆವು. ಭಾವ ತೀರಿಕೊಂಡ ಮೇಲೆ, ಎರಡೂ ಕಿಡ್ನಿ ಕೈಕೊಟ್ಟ ಮೇಲೆ, ಹೆತ್ತೂರಿನ ಹತ್ತಿರದ ನಮ್ಮ ಮನೆಗೇ ಕರೆದುಕೊಂಡು ಬಂದೆ. ಮಂಗಳವಾರ, ಗುರುವಾರ, ಶನಿವಾರ ಹಾಸನದಲ್ಲಿ ಡಯಾಲಿಸಿಸ್. ನನ್ನ ಹಳೇ ಜೀಪಿನಲ್ಲಿ ಅವಳನ್ನು ಕೂರಿಸಿಕೊಂಡು ಹೋದರೆ ಆಸ್ಪತ್ರೆ ತಲುಪುವಷ್ಟರಲ್ಲಿ ಡೀಸೆಲ್ ವಾಸನೆಗೆ ವಾಂತಿ, ಕುಲುಕಾಟಕ್ಕೆ ಸೊಂಟ ನೋವು. ಹಾಗಾಗಿಯೇ ಜೀಪು ಮಾರಿ ಕರೆಂಟ್ ಕಾರು ತಂದೆ. ಅವಳಿಗೋಸ್ಕರವೇ ತಂದೆ, ಇನ್ಯಾವ ಶೋಕಿಗೂ ಅಲ್ಲ.

ಊರಿನವರು ನಕ್ಕರು. ಪಕ್ಕದ ತೋಟದ ಗುಂಡಯ್ಯನಂತೂ ಗೇಟಿನ ಮೇಲೆ ಕೈಯಿಟ್ಟುಕೊಂಡು, “ಕರೆಂಟೇ ಇಲ್ದಿರೋ ಊರಿಗೆ ಕರೆಂಟ್ ಗಾಡಿ ತಂದ್ಯಲ್ಲೋ ಮಾರಾಯ. ಮಳೆಗಾಲದಾಗೆ ತಳ್ಳೋಕೆ ನನ್ನ ಕರೀಬ್ಯಾಡ,” ಎಂದ.

“ಸಕಲೇಶಪುರದಾಗೆ ಚಾರ್ಜರ್ ಹಾಕವ್ರೆ ಕಣೋ. ಮನೇಲಿ ಇಲ್ದಿದ್ರೆ ಅಲ್ಲಿ,” ಎಂದೆ ನಾನು, ದೊಡ್ಡ ತಿಳಿದವನ ಹಾಗೆ.

ಹಾಕಿದ್ದರು. ಹೆದ್ದಾರಿ ಪಕ್ಕದ ಹೋಟೆಲೊಂದರ ಅಂಗಳದಲ್ಲಿ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಎರಡು ಗನ್ನಿನ ಒಂದು ಮೆಷಿನ್ನು ಶುರುಮಾಡಿದ್ದರು. ಪೆಟ್ರೋಲ್ ಬಂಕಿನಲ್ಲಿ ಪೈಪ್ ಹಿಡಿದಂತೆ ಆ ಗನ್ನನ್ನು ಕಾರಿಗೆ ಚುಚ್ಚಬೇಕು. ಆಗ ಅಲ್ಲಿಗೆ ಬರುತ್ತಿದ್ದದ್ದು ದಿನಕ್ಕೆ ಒಂದೋ ಎರಡೋ ಗಾಡಿ. ವರ್ಷ ಕಳೆಯುವಷ್ಟರಲ್ಲಿ ಬೆಂಗಳೂರಿನ ಅರ್ಧ ಜನ ಕರೆಂಟ್ ಕಾರು ಕೊಂಡರೋ ಏನೋ, ರಜೆ ಬಂತೆಂದರೆ ರೆಸಾರ್ಟಿಗೆ ಹೋಗುವವರು, ಘಾಟಿ ಇಳಿಯುವವರು ಎಲ್ಲ ಅಲ್ಲೇ. ಗಾಡಿ ಹೆಚ್ಚಿದವು, ಗನ್ನು ಮಾತ್ರ ಎರಡೇ ಉಳಿದವು. ಆಮೇಲೆ ಅದರಲ್ಲೂ ಒಂದು ಕೆಟ್ಟಿತು. ‘ದುರಸ್ತಿಯಲ್ಲಿದೆ’ ಎಂದು ಅಂಟಿಸಿದ ಚೀಟಿ ಬಿಸಿಲಿಗೆ ಬಣ್ಣ ಕಳೆದುಕೊಂಡರೂ ದುರಸ್ತಿ ಮಾಡುವವನು ಬರಲಿಲ್ಲ. ಟೇಪು ಕತ್ತರಿಸಲು ಬಂದವರು ಸ್ಕ್ರೂ ತಿರುಗಿಸಲು ಬರುತ್ತಾರೆಯೇ?

ನನಗೆ ಅದರಿಂದ ತೊಂದರೆಯಿರಲಿಲ್ಲ. ಶೆಡ್ಡಿನಲ್ಲಿ ಪ್ಲಗ್ ಹಾಕಿ ಮಲಗಿದರೆ ಬೆಳಿಗ್ಗೆ ತುಂಬಿರುತ್ತಿತ್ತು, ಹಾಸನಕ್ಕೆ ಹೋಗಿ ಬರಲು ಸಾಕು. ಕಾರಿನಲ್ಲಿ ಅಕ್ಕ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಿದ್ದಳು. “ತೊಟ್ಲಾಗೆ ಮಲಗ್ದಂಗೈತೆ ಕಣೋ,” ಎನ್ನುತ್ತಿದ್ದಳು. ಅಷ್ಟು ಕೇಳಿದರೆ ನನಗೆ ಹೊಟ್ಟೆ ತುಂಬುತ್ತಿತ್ತು.

ಏಪ್ರಿಲ್‌ನಲ್ಲಿ ಗುಡ್ ಫ್ರೈಡೇ ಬಂತು. ಶುಕ್ರವಾರ, ಶನಿವಾರ, ಭಾನುವಾರ ಸೇರಿ ಸಾಲು ರಜೆ. ಶುಕ್ರವಾರ ಕುಂದೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. ನಾನೂ ನನ್ನ ಹೆಂಡತಿ ತನುಜಾನೂ ಹೋಗಿ ಬಂದೆವು. ವಾಪಸ್ಸು ಬರುವಾಗ ಬ್ಯಾಟರಿ ತಳ ಮುಟ್ಟುತ್ತಿತ್ತು. ಪ್ಲಗ್ ಹಾಕಿ, ದೀಪ ಮಿನುಗುವುದನ್ನು ನೋಡಿ, ಗುಂಡಯ್ಯನ ತೋಟದ ಕಡೆ ಹೋದೆ. ಸಂಜೆ ಗುಡುಗು ಶುರುವಾಯಿತು.

ನಮ್ಮ ಕಡೆ ಗುಡುಗಿದರೆ ಹೆಂಗಸರು ಮೊದಲು ಮಾಡುವ ಕೆಲಸ ಒಣಹಾಕಿದ ಬಟ್ಟೆ ತೆಗೆಯುವುದಲ್ಲ, ಪ್ಲಗ್ ಕೀಳುವುದು. ಟಿವಿ, ಮಿಕ್ಸಿ, ಪಂಪಿನ ಸ್ಟಾರ್ಟರ್, ಒಂದನ್ನೂ ಬಿಡುವುದಿಲ್ಲ. ತಂತಿಯ ಗುಂಟ ಸಿಡಿಲು ಬಂದು ಟಿವಿ ಸುಟ್ಟುಹೋಗದ ಮನೆ ನಮ್ಮೂರಲ್ಲಿಲ್ಲ. ಅಕ್ಕ ಊದಿದ ಕಾಲೆಳೆದುಕೊಂಡು ಶೆಡ್ಡಿಗೆ ಹೋಗಿ ಕಾರಿನ ಪ್ಲಗ್ಗನ್ನೂ ಕಿತ್ತಿದ್ದಳು. ಆಗಲೇ ಕರೆಂಟೂ ಹೋಯಿತು. ಊಟವಾದ ಮೇಲೆ ಬಂತು. ಬಂತಲ್ಲ, ಇನ್ನು ಕಾರು ತನ್ನಷ್ಟಕ್ಕೆ ತುಂಬಿಕೊಳ್ಳುತ್ತದೆ ಎಂದು ನಾನು ಮಲಗಿದೆ.

ಬೆಳಿಗ್ಗೆ ನೋಡಿದರೆ ವೈರು ಸುರುಳಿ ಸುತ್ತಿ ಮೊಳೆಗೆ ನೇತುಹಾಕಿತ್ತು.

“ಇದ್ನ ಯಾರು ಕಿತ್ತೋರು?” ಎಂದೆ.

“ನಾನೇ ಕಣೋ. ಸಿಡ್ಲು ಹೊಡೀತಿತ್ತು. ಅಷ್ಟು ದೊಡ್ಡ ಗಾಡಿ ಸುಟ್ಟೋದ್ರೆ ಏನ್ ಮಾಡ್ತಿದ್ದೆ?”

“ಕಿತ್ತೋಳು ತಿರ್ಗಾ ಹಾಕ್ಬಾರ್ದಿತ್ತಾ ಅಕ್ಕ?”

“ಕೀಳೋದು ಗೊತ್ತು ನಂಗೆ, ಹಾಕೋದು ಯಾರ್ ಹೇಳ್ಕೊಟ್ಟವ್ರೆ?”

ಅವಳ ಮುಖ ಆಗಲೇ ಊದಿಕೊಂಡಿತ್ತು. ಗುಂಡಯ್ಯನ ಜೀಪು ಕೇಳೋಣವೆಂದರೆ ಅವನು ಬೆಳಕು ಹರಿಯುವ ಮೊದಲೇ ಮನೆಯವರನ್ನೆಲ್ಲ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋಗಿದ್ದ. ಇದ್ದ ಚಾರ್ಜಿನಲ್ಲಿ ಸಕಲೇಶಪುರದವರೆಗೆ ಹೋಗಬಹುದಿತ್ತು, ಹಾಸನ ಮುಟ್ಟುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅಕ್ಕನದು ಹನ್ನೊಂದು ಗಂಟೆಯ ಪಾಳಿ. ಆ ಹೊತ್ತಿಗೆ ಹೋಗಿ ಹಾಸಿಗೆಯಲ್ಲಿ ಮಲಗದಿದ್ದರೆ ಮುಂದಿನವರನ್ನು ಮಲಗಿಸಿಬಿಡುತ್ತಾರೆ. ಸಕಲೇಶಪುರದಲ್ಲಿ ಅರ್ಧ ಗಂಟೆ ಹಾಕಿಸಿಕೊಂಡರೆ ಸಾಕೆಂದು ಬೇಗನೆ ಹೊರಟೆವು.

ಹೋಟೆಲಿನ ಅಂಗಳ ತುಂಬ ಕಾರು. ಕಾವಲಿನ ಜವರಪ್ಪ ಕುರ್ಚಿಯಿಂದೆದ್ದು, “ಒಂದೇ ಗನ್ನು ಸ್ವಾಮಿ. ನಿಮ್ಮ ಮುಂದೆ ನಾಕ್ ಗಾಡಿ ಅವೆ,” ಎಂದ. ಬಾಡಿಗೆ ಕಾರಿಗೆ ಯಾರನ್ನಾದರೂ ಕರೆ ಎಂದೆ. ಪಾಪ, ಅವನು ಗೊತ್ತಿದ್ದವರಿಗೆಲ್ಲ ಫೋನು ಹಚ್ಚಿದ. ಎಲ್ಲರೂ ರೆಸಾರ್ಟಿನವರ ಬಾಡಿಗೆಯಲ್ಲಿದ್ದರು. ಬಸ್ಸುಗಳ ಬಾಗಿಲಲ್ಲಿ ಜನ ಜೋತುಬಿದ್ದಿದ್ದರು, ಅಕ್ಕನಿಗೆ ಮೆಟ್ಟಿಲಿಗೆ ಕಾಲು ಏಳುತ್ತಿರಲಿಲ್ಲ. ಆಂಬುಲೆನ್ಸ್ ಕರೆಯುತ್ತೇನೆ ಎಂದೆ.

“ನಂಗೇನಾಗೈತೆ? ಕೂತು ಮಾತಾಡ್ತಿಲ್ವಾ. ಅದು ಸಾಯೋರಿಗೆ ಬೇಕಾಗ್ತೈತೆ, ಸುಮ್ನಿರು,” ಎಂದಳು ಅಕ್ಕ.

ಕಾದೆವು. ಒಂದೊಂದು ಕಾರಿನವನೂ ಗನ್ನು ಚುಚ್ಚಿ ಸೆಲ್ಫಿ ತೆಗೆದುಕೊಂಡು ಕಾಫಿಗೆ ಹೋಗುವವನೇ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಕೊನೆಗೂ ನಮ್ಮ ಸರದಿ ಬಂತು. ಆಗ ಹಾಕಿಸಿಕೊಂಡು ಹೊರಟಿದ್ದರೆ ಪಾಳಿಗೆ ಸರಿಯಾಗಿ ತಲುಪುತ್ತಿದ್ದೆವು. ನಾನು ಗಾಡಿಯನ್ನು ಮೆಷಿನ್ನಿನ ಮುಂದೆ ನಿಲ್ಲಿಸಿ ಇಳಿದೆ. ಹಿಂದಿನ ಕಾರಿನಿಂದ ಒಬ್ಬ ಹುಡುಗಿ ಕೂಸನ್ನೆತ್ತಿಕೊಂಡು ಬಂದಳು. ಕೂಸು ಕೆಂಪಗಾಗಿ ಅಳುತ್ತಿತ್ತು.

“ಅಂಕಲ್, ನಮ್ಮ ಕಾರಲ್ಲಿ ಚಾರ್ಜ್ ಪೂರ್ತಿ ಮುಗ್ದಿದೆ. ಎಸಿನೂ ಆಫ್ ಆಗಿದೆ. ಪಾಪುಗೆ ಸೆಖೆ ತಡ್ಕೊಳೋಕೆ ಆಗ್ತಿಲ್ಲ. ಹತ್ತು ನಿಮಿಷ ನಾವು ಹಾಕ್ಕೊಳ್ಳಾ?”

“ಆಗಲ್ಲ ಕಣಮ್ಮ. ನಮ್ಮಕ್ಕಂಗೆ ಡಯಾಲಿಸಿಸ್ ಐತೆ,” ಎಂದೆ.

ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ತಿರುಗಿದಳು. ಹಿಂದಿನ ಸೀಟಿನ ಗಾಜು ಇಳಿಯಿತು.

“ತೋಟ, ಗಾಡಿ ಹಿಂದಕ್ಕೆ ತಗಿ.”

“ಅಕ್ಕ, ಹೊತ್ತಾಗ್ತೈತೆ.”

“ಕೂಸು ಇದ್ದೋರಿಗೆ ಮೊದ್ಲು ಕಣೋ. ಗಿರಣಿಯಾಗೆ ಬುಡ್ತೀವಿ, ನಲ್ಲೀಲಿ ಬುಡ್ತೀವಿ, ಇಲ್ಲೇನು ಬ್ಯಾರೆ ನ್ಯಾಯ? ಹತ್ತು ನಿಮಿಷಕ್ಕೆ ನಾನೇನು ಸಾಯಲ್ಲ.”

ಇದು ನಮ್ಮ ಕಡೆಯ ಮಾತು, ಯಾರೂ ಬರೆದಿಟ್ಟಿದ್ದಲ್ಲ. ಹಿಟ್ಟಿನ ಗಿರಣಿಯಾಗಲಿ, ತೋಟದಾಳುಗಳ ಲೈನ್ ಮನೆಗಳ ನಲ್ಲಿಯಾಗಲಿ, ಕಂಕುಳಲ್ಲಿ ಕೂಸಿದ್ದವಳನ್ನು ಕಾಯಿಸುವುದಿಲ್ಲ. ನಲ್ಲಿಯಲ್ಲಿ ಹಾಗೆ ಮುಂದೆ ಹೋದವಳು ಒಂದು ಬಿಂದಿಗೆ ಹಿಡಿದು ಜಾಗ ಬಿಡುತ್ತಾಳೆ, ಅದೂ ಬರೆಯದ ಮಾತೇ. ನನ್ನನ್ನು ಕಂಕುಳಲ್ಲಿಟ್ಟುಕೊಂಡು ಎಷ್ಟು ಸರದಿಯಲ್ಲಿ ಅಕ್ಕ ಮುಂದೆ ಹೋಗಿದ್ದಳೋ. ಅವಳ ಮಾತು ಮೀರಿ ನನಗೆ ಅಭ್ಯಾಸವಿಲ್ಲ. ಗಾಡಿ ಹಿಂದಕ್ಕೆ ತೆಗೆದೆ.

ಅವರು ಗನ್ನು ಚುಚ್ಚಿದರು. ಹುಡುಗಿ ಹಾಲು ಬಿಸಿ ಮಾಡಿಸಲು ಹೋಟೆಲಿಗೆ ಹೋಗುವಾಗ ಅಕ್ಕನೇ ಕೈಚಾಚಿ ಕೂಸನ್ನು ಈಸಿಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ್ದ ಅವಳ ತೋಳನ್ನು ಅದು ಮುಟ್ಟಿ ಮುಟ್ಟಿ ನೋಡಿತು. ಅಳು ನಿಂತಿತು. ಅಕ್ಕ ನಗುತ್ತಿದ್ದಳು.

ಹಾಲು ಬಂತು, ಕೂಸು ಹೋಯಿತು, ಹತ್ತು ನಿಮಿಷವೂ ಹೋಯಿತು, ಅರ್ಧ ಗಂಟೆಯೂ ಹೋಯಿತು. ಗನ್ನು ಅಲ್ಲೇ ಇತ್ತು. ನಾನು ಹೋಗಿ ಎಳೆದರೆ ಬರಲಿಲ್ಲ. “ಅವ್ರು ಬಂದು ಲಾಕ್ ತೆಗೀದೆ ಬರಲ್ಲ ಸ್ವಾಮಿ,” ಎಂದ ಜವರಪ್ಪ. ಹೋಟೆಲಿನೊಳಗೆ ಹುಡುಕಿದೆ. ಆ ಹುಡುಗಿಯ ಗಂಡ ದೋಸೆಯ ಮುಂದೆ ಕೂತು ಫೋನಿನಲ್ಲಿ ಚಾರ್ಜು ಏರುವುದನ್ನು ನೋಡುತ್ತಿದ್ದ.

“ಹತ್ತು ನಿಮಿಷ ಅಂದ್ರಲ್ಲಪ್ಪ,” ಎಂದೆ.

“ಸಾರಿ ಅಂಕಲ್, ಎಂಬತ್ತಾದ ಮೇಲೆ ಸ್ಲೋ ಆಗುತ್ತೆ. ಫುಲ್ ಆದ ತಕ್ಷಣ ತೆಗೀತೀನಿ.”

“ಎತ್ತಾಗೆ ಹೊರಟಿದ್ದೀರಾ?”

“ಮಂಗಳೂರಿಗೆ.”

ಮಂಗಳೂರಿಗೆ! ಶಿರಾಡಿ ಘಾಟಿ ಇಳಿಯುವವನು. ಇಳಿಜಾರಿನಲ್ಲಿ ಈ ಗಾಡಿಗಳು ಚಾರ್ಜು ತಿನ್ನುವುದಿರಲಿ, ತಾವೇ ಒಂದಿಷ್ಟು ತುಂಬಿಕೊಳ್ಳುತ್ತವೆ. ಹಾಗಂತ ಹೇಳಿದೆ. ಅಕ್ಕನ ವಿಷಯವನ್ನೂ ಹೇಳಿದೆ. ಅವನು ತಿನ್ನುವುದನ್ನು ಬಿಟ್ಟ.

“ಗೊತ್ತು ಅಂಕಲ್. ಆದ್ರೆ ಮುಂದೆ ಚಾರ್ಜರ್ ಖಾಲಿ ಸಿಗುತ್ತೋ ಇಲ್ವೋ ಅಂತ ಭಯ. ನಿನ್ನೆ ಒಂದ್ಕಡೆ ನಾವೂ ಹೀಗೇ ಕಾದ್ವಿ. ಪಾಪು ಬೇರೆ ಇದೆ,” ಎಂದ. ಕೈತೊಳೆದುಕೊಂಡು ಬಂದು ಗನ್ನು ತೆಗೆದುಕೊಟ್ಟ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕತ್ತಿನಪಟ್ಟಿ ಹಿಡಿದಾದರೂ ನನ್ನ ಸಿಟ್ಟು ತೀರುತ್ತಿತ್ತು.

ಹೋಗಿ ಬರಲು ಬೇಕಾದಷ್ಟೇ ಹಾಕಿಕೊಂಡು ಹೊರಟೆ. ಬಾಳ್ಳುಪೇಟೆಯಿಂದಾಚೆ ರಜೆಯ ಗಾಡಿಗಳು ಒಂದರ ಹಿಂದೊಂದು ನಿಂತಿದ್ದವು. ನಾನು ಹಾರ್ನ್ ಒತ್ತುತ್ತಲೇ ಹೋದೆ.

ಆಸ್ಪತ್ರೆಯಲ್ಲಿ ಅವಳ ಹಾಸಿಗೆಯ ಮೇಲೆ ಬೇರೊಬ್ಬರಿದ್ದರು. “ಫೋನ್ ಮಾಡಿದ್ವಿ, ನೀವು ಎತ್ತಲಿಲ್ಲ. ಅವರನ್ನ ಹಾಕ್ಬಿಟ್ವಿ ಅಜ್ಜಿ,” ಎಂದಳು ನರ್ಸು. ಹೌದು, ನಾನು ಹೋಟೆಲಿನಲ್ಲಿ ದೋಸೆ ತಿನ್ನುವವನನ್ನು ಹುಡುಕುತ್ತಿದ್ದಾಗ ಫೋನು ಕಾರಿನಲ್ಲೇ ಇತ್ತು, ಅದನ್ನು ಎತ್ತುವುದು ಅಕ್ಕನಿಗೆ ಗೊತ್ತಿರಲಿಲ್ಲ. ಅಲ್ಲೂ ಅದೇ ಕಥೆ, ಮೆಷಿನ್ನು ಕಡಿಮೆ, ಜನ ಜಾಸ್ತಿ. ಯಾರಾದರೂ ಬರದಿದ್ದರೆ ಕರೆಯುತ್ತೇವೆ ಎಂದರು. ಸಂಜೆಯವರೆಗೆ ಬೆಂಚಿನ ಮೇಲೆ ಕೂತೆವು. ಎಲ್ಲರೂ ಬಂದರು. ಡಾಕ್ಟರು ನೋಡಿ, ಭಾನುವಾರ ಇಲ್ಲ, ಸೋಮವಾರ ಮೊದಲನೇ ಪಾಳಿಗೆ ಬನ್ನಿ, ನೀರು ಒಂದು ಗುಟುಕಷ್ಟೇ ಕುಡಿಯಿರಿ, ಉಸಿರು ಕಟ್ಟಿದರೆ ತಕ್ಷಣ ಕರೆತನ್ನಿ ಎಂದರು.

ಹಾಸನದಲ್ಲೇ ಉಳಿಯೋಣವೆಂದರೆ ಅಕ್ಕ ಕೇಳಲಿಲ್ಲ, ಮನೆಗೇ ಹೋಗಬೇಕೆಂದಳು. ದಾರಿಯಲ್ಲಿ ನಾನು ಒಂದೇ ಸಮ ಆ ಹುಡುಗನನ್ನೂ, ಮೆಷಿನ್ನನ್ನೂ, ಹಾಕಿದವರನ್ನೂ ಬೈಯುತ್ತಿದ್ದೆ.

“ಬುಡೋ. ಕೂಸು ನಿದ್ದೆ ಮಾಡ್ತಲ್ಲ,” ಎಂದಳು ಅಕ್ಕ.

ಭಾನುವಾರ ಹೇಗೋ ಕಳೆಯಿತು. ತನುಜಾ ಅವಳ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಾ ಪಕ್ಕದಲ್ಲೇ ಕೂತಿದ್ದಳು. ನಾನು ಪ್ಲಗ್ ಹಾಕಿ ಶೆಡ್ಡಿನ ಬಾಗಿಲಲ್ಲೇ ಕೂತೆ. ಗುಡುಗಿತು. ನಾನು ಏಳಲಿಲ್ಲ. ಸುಟ್ಟರೆ ಸುಡಲಿ ಎಂದು ಕೂತಿದ್ದೆ.

ಸೋಮವಾರ ಬೆಳಗಾಗುವ ಹೊತ್ತಿಗೆ ಅಕ್ಕನಿಗೆ ಮಲಗಲಾಗದಷ್ಟು ಉಸಿರು ಕಟ್ಟಿತು. ಎತ್ತಿ ಕಾರಿನಲ್ಲಿ ಕೂರಿಸಿದೆವು. ನೂರಕ್ಕೆ ನೂರು ಚಾರ್ಜಿತ್ತು. ಸಕಲೇಶಪುರ ದಾಟುವಾಗ ಆ ಹೋಟೆಲಿನ ಅಂಗಳ ನೋಡಿದೆ. ಒಂದು ನರಪಿಳ್ಳೆಯೂ ಇರಲಿಲ್ಲ. ಗನ್ನು ಮೆಷಿನ್ನಿನಲ್ಲಿ ನೇತಾಡುತ್ತಿತ್ತು. ಬಾಳ್ಳುಪೇಟೆ ಬರುವ ಮೊದಲೇ ಹಿಂದಿನ ಸೀಟಿನ ಸದ್ದು ನಿಂತಿತು. ತನುಜಾ “ರೀ” ಎಂದಳು, ಅಷ್ಟೇ. ನಾನು ಗಾಡಿ ನಿಲ್ಲಿಸಲಿಲ್ಲ, ಹಾಸನದವರೆಗೂ ಓಡಿಸಿದೆ. ಎಲ್ಲಿಯೂ ಚಾರ್ಜು ಕಡಿಮೆ ಬೀಳಲಿಲ್ಲ.

ಅಕ್ಕನನ್ನು ಭಾವನ ಪಕ್ಕದಲ್ಲೇ ಮಣ್ಣು ಮಾಡಿದೆವು. ಗುಂಡಯ್ಯ ಬಂದು, “ನಾನೊಬ್ಬ ಆವತ್ತೇ ಧರ್ಮಸ್ಥಳಕ್ಕೆ ಹೋಗಿ ಸಾಯ್ಬೇಕಿತ್ತಾ,” ಎಂದು ಹಣೆ ಚಚ್ಚಿಕೊಂಡ. ಆಮೇಲೆ ಆ ಕೆಟ್ಟ ಗನ್ನನ್ನೂ ರಿಪೇರಿ ಮಾಡಿದರು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಎರಡು ಗನ್ನಿಗೂ ಈಗ ಸಾಲು ರಸ್ತೆಯವರೆಗೆ ಬರುತ್ತದೆ. ಗನ್ನು ಹೆಚ್ಚುವವರೆಗೆ ಗಾಡಿಗಳೇನು ಹೆಚ್ಚದೆ ಕಾಯುತ್ತವೆಯೇ?

ದಸರಾ ರಜೆಯಲ್ಲಿ ಹಾಸನಕ್ಕೆ ಗೊಬ್ಬರಕ್ಕೆಂದು ಹೋಗಿ ಬರುತ್ತಿದ್ದೆ. ಮನೆ ಮುಟ್ಟಲು ಸಾಕಾಗುವಷ್ಟು ಚಾರ್ಜಿತ್ತು. ಆದರೂ ಸಕಲೇಶಪುರದಲ್ಲಿ ಸಾಲಿಗೆ ನಿಂತೆ. ಈಗೀಗ ಕಂಡಲ್ಲೆಲ್ಲ ನಿಲ್ಲುತ್ತೇನೆ. ಸರದಿ ಬಂತು, ಗನ್ನು ಚುಚ್ಚಿ ಒಳಗೆ ಕೂತೆ. ಗಾಜಿನ ಮೇಲೆ ಯಾರೋ ಬೆರಳಲ್ಲಿ ತಟ್ಟಿದರು. ನಮ್ಮ ಕಡೆಯವಳೇ, ಮಾತಿನಲ್ಲೇ ಗೊತ್ತಾಯಿತು. ಹೆಗಲ ಮೇಲೆ ಕೂಸಿತ್ತು.

“ಅಣ್ಣ, ಕೂಸೈತೆ. ಜ್ವರ ಬಂದೈತೆ. ಹಾಸನಕ್ಕೆ ಹೋಗ್ಬೇಕು, ಒಂದೀಟು ಮುಂದೆ ಬುಡ್ತೀರಾ?”

“ಆಗಲ್ಲಮ್ಮ,” ಎಂದೆ. ಗಾಜು ಏರಿಸಿದೆ. ನೂರು ಆಗುವವರೆಗೂ ಕೂತಿದ್ದೆ. ಹಿಂದಿನ ಸೀಟಿನಿಂದ ಯಾರೂ ಏನೂ ಹೇಳಲಿಲ್ಲ.