ಅರ್ಧ ಸೀಬೆಹಣ್ಣು

ಚಳಿ ಹಿಂದೆ ಸರಿದು, ಬೇಲಿಸಾಲಿನ ಗಿಡಗಳೆಲ್ಲ ಹೂ ಬಿಟ್ಟು, ಜೇನುಪೆಟ್ಟಿಗೆಗಳು ತುಂಬಿ ಭಾರವಾಗುವ ಕಾಲ. ಬೆಳಗಿನಿಂದ ಜೇನಿನವನ ಅಂಗಳದಲ್ಲಿ ಜೇನು ತೆಗೆಯುವ ಡ್ರಮ್ಮು ತಿರುಗುತ್ತಲೇ ಇತ್ತು. ಹೆಂಡತಿ ಬಿಸಿನೀರಿಗೆ ಅದ್ದಿದ ಚಾಕುವಿನಿಂದ ಜೇನು ತುಂಬಿದ ಎರಿಗಳ ಮೇಲಿನ ಮೇಣ ಕೊಯ್ದು ಕೊಡುವಳು. ಅವನು ಎರಿಗಳನ್ನು ಡ್ರಮ್ಮಿನೊಳಗೆ ನಿಲ್ಲಿಸಿ ಹಿಡಿ ತಿರುಗಿಸುವನು. ಕೆಲಸದಲ್ಲಿ ಅವನನ್ನು ದೂರುವಂತಿರಲಿಲ್ಲ. ದೂರಬೇಕಾದದ್ದು ಅವನ ಬಾಯಿಯನ್ನು.

ಜೇನು ಸಿಹಿಯೇ ಹೊರತು ಸಕ್ಕರೆಯಲ್ಲ, ಹುಳು ಅರಗಿಸಿ ಕೊಟ್ಟದ್ದನ್ನು ಮನುಷ್ಯನ ಮೈ ಮತ್ತೆ ಅರಗಿಸಬೇಕಾಗಿಲ್ಲ, ಸಕ್ಕರೆ ಕಾಯಿಲೆಯವರೂ ಊಟವಾದ ಮೇಲೆ ಧಾರಾಳವಾಗಿ ಎರಡು ಚಮಚ ನೆಕ್ಕಬಹುದು ಎಂದು ಅವನು ಅಂಗಡಿ ಜಗಲಿಗಳಲ್ಲಿ ಕೂತು ವರ್ಷಗಟ್ಟಲೆ ಹೇಳಿದ್ದ. ತನ್ನ ಪೆಟ್ಟಿಗೆಯ ಹುಳುಗಳೆಲ್ಲ ಡಾಕ್ಟರಿಕೆ ಓದಿ ಬಂದಿವೆ ಎಂಬ ಧಾಟಿ.

ನಂಬಿದವರಲ್ಲಿ ಹೆಂಡತಿಯ ಅಣ್ಣನೂ ಒಬ್ಬ. ಪಕ್ಕದ ಬೀದಿಯ ದರ್ಜಿ. ಕೊನೆಯ ತುತ್ತಿನ ಮೇಲೆ ಬಾಯಿ ಸಿಹಿಯಾಗದೆ ಕೈ ತೊಳೆಯದ ಜೀವ. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು, ಮಿಠಾಯಿ ಬಿಡು, ಬೇಕೇಬೇಕೆಂದರೆ ಅರ್ಧ ಸೀಬೆಹಣ್ಣು ತಿನ್ನು ಎಂದಿದ್ದರು. ಜೇನಿನವನಿಗೆ ನಗು ತಡೆಯಲಿಲ್ಲ. ಸೀಬೆ ಕಚ್ಚೋಕೆ ನೀವೇನು ಅಳಿಲಾ ಭಾವ ಎಂದು ಬಾಟಲಿ ತುಂಬಿ ಕೊಟ್ಟಿದ್ದ. ಅಂದಿನಿಂದ ದರ್ಜಿ ಇವನ ಬಟ್ಟೆ ಹೊಲಿದುಕೊಡುವುದು, ಇವನು ಬಾಟಲಿ ತುಂಬಿಸಿ ಅವನ ಅಂಗಡಿಗೇ ಮುಟ್ಟಿಸುವುದು, ಅಲ್ಲಿಗಲ್ಲಿಗೆ ಸರಿ.

ಆ ಮಧ್ಯಾಹ್ನ ದರ್ಜಿ ಕೋಲೂರಿಕೊಂಡು ಬಂದ. ಕಂಕುಳಲ್ಲಿ ಜೇನಿನವನಿಗಾಗಿ ಹೊಸದಾಗಿ ಹೊಲಿದ ಬಲೆಯ ಟೋಪಿ, ಕೈಯಲ್ಲಿ ಬಾಟಲಿ, ಪಾದಕ್ಕೆ ಸುತ್ತಿದ ಬಟ್ಟೆ. ಕತ್ತರಿ ಬಿದ್ದು ಹೆಬ್ಬೆರಳಿಗಾದ ಗಾಯ ಮಾಯದೆ ಕಪ್ಪಿಟ್ಟಿತ್ತು. ಬೆರಳು ತೆಗೆಯಲೇಬೇಕು, ಪಾದ ಉಳಿಯುವುದೂ ಅನುಮಾನ ಎಂದಿದ್ದರು ಡಾಕ್ಟರು. ಕಾಲಿನಿಂದ ತುಳಿಯುವ ಮಿಷನ್ನು ಬಿಟ್ಟರೆ ಅವನಿಗೆ ಬೇರೆ ಅನ್ನವಿರಲಿಲ್ಲ.

ಜೇನಿನವನು ಹಿಡಿ ತಿರುಗಿಸುತ್ತಲೇ, ಕದ್ದುಮುಚ್ಚಿ ಮಿಠಾಯಿ ತಿಂದಿರಬೇಕು, ಜೇನಿನ ಹೆಸರು ಕೆಡಿಸಬೇಡಿ ಎಂದ. ದರ್ಜಿ ಬಾಟಲಿಯನ್ನು ತಂಗಿಯ ಮುಂದಿಟ್ಟು, ಇದನ್ನು ಬಿಟ್ಟು ಸಿಹಿ ಅಂತ ಬೇರೇನೂ ಮುಟ್ಟಿಲ್ಲ, ಇದನ್ನು ಮಾತ್ರ ಒಂದು ಹೊತ್ತೂ ತಪ್ಪಿಸಿಲ್ಲ ಎಂದ.

ಅವಳು ಚಾಕು ಕೆಳಗಿಟ್ಟಳು.

"ಅಣ್ಣಂಗೆ ಹೇಳಾಯ್ತು ಅಂದಿದ್ರಲ್ಲ?"

ಗಂಡನಿಗೆ ಅಷ್ಟು ಹೊತ್ತಿಗೆ ಡ್ರಮ್ಮಿನ ಹಿಡಿಗೆ ಎಣ್ಣೆ ಬೇಕಾಗಿರುವುದು ಕಂಡಿತು.

ಅವಳು ಇಬ್ಬರಿಗೂ ಬಡಿಸಿದಳು. ಊಟ ಮುಗಿದ ಮೇಲೆ ಒಳಗಿಂದ ಅರ್ಧ ಸೀಬೆಹಣ್ಣು ತಂದು ಅಣ್ಣನ ಮುಂದಿಟ್ಟಳು. ಗಂಡನ ಮುಂದೆ ಒಂದು ಬಟ್ಟಲು, ಅಂಚಿನವರೆಗೂ ಜೇನು.

"ತಿನ್ನಿ," ಎಂದಳು.

ಹೊಟ್ಟೆ ತುಂಬಿದೆ ಎಂದು ಅವನು ಬಟ್ಟಲನ್ನು ಬೆರಳ ತುದಿಯಿಂದ ಸರಿಸಿದ, ಅದರಲ್ಲಿ ಸತ್ತ ಹಲ್ಲಿಯಿದ್ದಂತೆ.

"ಯಾಕೆ ತಿಂತೀರಿ? ನಿಮ್ಮ ಪಾಲಿನ ಸೀಬೆ ಇವತ್ತು ಅಣ್ಣಂಗೆ ಹೋಯ್ತಲ್ಲ."

ಬಿತ್ತನೆ ಕಾಲದಲ್ಲೇ ಇವರ ರಕ್ತ ಪರೀಕ್ಷೆಯಾಗಿತ್ತು ಎಂದು ಅವಳು ಅಣ್ಣನಿಗೆ ಹೇಳಿದಳು. ಇವರಿಗೂ ಅದೇ ಕಾಯಿಲೆ, ಅದೇ ಡಾಕ್ಟರು, ಅದೇ ಮಾತು. ಅವತ್ತಿನಿಂದ ಜೇನು ಬಾಯಿಗೆ ಸೋಕಿಸಿಲ್ಲ. ಊಟವಾದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಅರ್ಧ ಸೀಬೆ. ಅಣ್ಣನಿಗೂ ಬೇಡವೆಂದು ಹೇಳಿ ಎಂದದ್ದಕ್ಕೆ, ಹೇಳಿ ಆಯಿತು ಎಂದಿದ್ದರು.

"ಹೇಳೋದು ಶಾಸ್ತ್ರ, ತಿನ್ನೋದು ಸೀಬೆಕಾಯಿ," ಎಂದಳು. ದನಿ ಏರಿರಲಿಲ್ಲ. ಎಂಜಲು ತಟ್ಟೆ ಎತ್ತುವಾಗಿನ ಮುಖ.

ಜೇನಿನವನು ಗೋಡೆಗೆ ಹೇಳಿದ. "ವ್ಯಾಪಾರ ಅಂದ್ಮೇಲೆ... ಊರಿಗೆಲ್ಲ ಗೊತ್ತಾದ್ರೆ ಯಾರು ತಗೋತಾರೆ?"

"ನಾನು ಊರಾ, ಭಾವ?" ಎಂದ ದರ್ಜಿ.

ದರ್ಜಿ ಸೀಬೆಯನ್ನು ನಿಧಾನವಾಗಿ, ಬೀಜವನ್ನೂ ಬಿಡದೆ ತಿಂದ. ಎದುರಿಗಿದ್ದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಅಳತೆಗೆ ಬಾರದ ತುಂಡುಬಟ್ಟೆಯನ್ನು ನೋಡುವಂತೆ.

"ಚೆನ್ನಾಗಿದೆ. ಅಳಿಲಿನ ಬುದ್ಧಿ ಕೇಳಿದ್ರೆ ಕಾಲು ಉಳೀತಿತ್ತು."

ಟೋಪಿಯನ್ನು ಬೆಂಚಿನ ಮೇಲಿಟ್ಟು ಎದ್ದ. ತಂಗಿ ತೋಳು ಹಿಡಿದು ಮೆಟ್ಟಿಲಿಳಿಸಿದಳು.

ಹೊಲಿಗೆಯ ಋಣ ಉಳಿಯಿತಲ್ಲ ಎಂದು ಜೇನಿನವನು ಅಭ್ಯಾಸಬಲದಿಂದ ಬಾಟಲಿ ಎತ್ತಿಕೊಂಡು ಡ್ರಮ್ಮಿನ ಬಳಿ ಹೋದ. ನಲ್ಲಿ ತಿರುಗಿಸಿದ. ಹೊಂಬಣ್ಣದ ಎಳೆಯೊಂದು ಇಳಿಯತೊಡಗಿತು. ಏನು ಹೊಳೆಯಿತೋ, ನಲ್ಲಿ ಮುಚ್ಚಿ ಬೀದಿಯ ಕಡೆ ನೋಡಿದ. ಕೋಲಿನ ಸದ್ದು ತಿರುವಿನವರೆಗೆ ಕೇಳಿಸಿತು. ಕೊಡಲು ಅವನ ಬಳಿ ಬೇರೇನೂ ಇರಲಿಲ್ಲ.